ಒರಗೆ, ಸಾ!

ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಪಾರ್ಕಿನ ಟೆನಿಸ್ ಕೋರ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಆಡಬಹುದಿತ್ತು. ನನ್ನ ಪಕ್ಕದ ಮನೆಯ ನೇಕಾರನ ಕಾಲುಗಳು ಅಲ್ಲೂ ಮಗ್ಗ ತುಳಿಯುತ್ತಲೇ ಇರುತ್ತಿದ್ದವು. "ಇನ್ನೊಂದಾಟ, ಸಾ" ಎನ್ನದೆ ಅವನು ಯಾರನ್ನೂ ಮನೆಗೆ ಬಿಡುತ್ತಿರಲಿಲ್ಲ.

ಒಂದು ಸಂಜೆ, ಕೊನೆಯ ಪಾಯಿಂಟಿನಲ್ಲಿ, ಮಂಗಳೂರಿನಿಂದ ಹೊಸದಾಗಿ ಬಂದಿದ್ದ ತಹಶೀಲ್ದಾರರ ಚೆಂಡು ಸುಣ್ಣದ ಗೆರೆಯಾಚೆ ಬಿತ್ತು.

"ಒರಗೆ, ಸಾ!" ಎಂದು ಇವನು ಕೂಗಿದ.

ನಮ್ಮ ಬಾಯಲ್ಲಿ ಹಕಾರ ನಿಲ್ಲದೆಂದು ಅರಿಯದ ಅವರಿಗೆ ಅದು "ಒಳಗೆ" ಎಂದು ಕೇಳಿಸಿತು. "ಸೋತರೂ ಸುಳ್ಳು ಹೇಳಲಿಲ್ಲ ಮಾರಾಯ!" ಎಂದು ಬೆನ್ನು ತಟ್ಟಿದರು.

ಎರಡು ದಿನ ಅವನು ಮಗ್ಗದಲ್ಲೂ ಕೂರಲಾರದೆ ಚಡಪಡಿಸಿದ. "ಇಲ್ದಿದ್ ಒಗಳಿಕೆ ನಂಗ್ಯಾಕ್ಲಾ?" ಎಂದು ನನ್ನನ್ನೂ ಎಳೆದುಕೊಂಡು ಹೋಗಿ ಅವರೆದುರು ನಿಂತ.

"ಸಾ, ಅವತ್ತು ನಾನ್ ಏಳಿದ್ದು ಒರಗೆ ಅಂತ."

"ಗೊತ್ತುಂಟು ಮಾರಾಯ, ಒಳಗೇ" ಎಂದು ಅವರು ಮತ್ತೊಮ್ಮೆ ಬೆನ್ನು ತಟ್ಟಿದರು.