ಹಂಡೆಯ ತಾಮ್ರ ಮತ್ತು ಬಸವಲಿಂಗಮ್ಮನವರ ಸಿಟ್ಟು

ಮಕ್ಕಳ ಮೂತ್ರಪಿಂಡದ ರೋಗಗಳ ವಿಚಾರದಲ್ಲಿ ಬೆಂಗಳೂರಿನ ದಕ್ಷಿಣ ಬಡಾವಣೆಗಳ ತಾಯಂದಿರು ಯಾರ ಮಾತಿಗಾದರೂ ಹೆದರುತ್ತಿದ್ದರೆ ಅದು ಡಾಕ್ಟರ್ ಬಸವಲಿಂಗಮ್ಮನವರ ಮಾತಿಗೆ. ಜಯನಗರದ ಮಕ್ಕಳ ಚಿಕಿತ್ಸಾಲಯವೊಂದರಲ್ಲಿ ಐವತ್ತರ ದಶಕದ ಮೊದಲಿನಿಂದ ದುಡಿದು, ಈ ೧೯೬೮ರಲ್ಲಿ ನಿವೃತ್ತರಾಗುತ್ತಿರುವ ಈ ಮಾನ್ಯರನ್ನು ಶಾಂತಮೂರ್ತಿಯೆಂದು ಬಣ್ಣಿಸಿದರೆ ಮೊದಲು ನಗುವವರು ಅವರೇ.

ಸಿಟ್ಟಿಗೆ ಕಾರಣಗಳಿಗೇನು ಬರವೇ? ಜ್ವರ ಇಳಿದ ಮರುದಿನವೇ ಮಾತ್ರೆ ನಿಲ್ಲಿಸುವ ಅಮ್ಮಂದಿರು, ತಿಂಗಳೊಳಗೆ ಮತ್ತೆ ಅದೇ ಉರಿಮೂತ್ರ, ಅದೇ ಜ್ವರ ಹೊತ್ತು ಬರುವ ಮಕ್ಕಳು. ಹೇಳಿ ಹೇಳಿ ಡಾಕ್ಟರಮ್ಮನ ಗಂಟಲು ಒಣಗಿತ್ತು. ಸಿದ್ದಾಪುರದ ಗೌರಮ್ಮನವರ ಪುಟ್ಟ ಮಗಳು ಸೀತಾಲಕ್ಷ್ಮಿಯಾದರೋ ಮಾತ್ರೆಯನ್ನೆಲ್ಲ ನುಂಗಿಯೂ ಮತ್ತೆ ಮತ್ತೆ ಜ್ವರದಿಂದ ಮಲಗುತ್ತಿದ್ದಳು.

ದೇಹದಲ್ಲಿ ಅತ್ಯಲ್ಪವಾಗಿರುವ ತಾಮ್ರ, ಸತುವಿನಂಥ ಧಾತುಗಳು ಏರುಪೇರಾದರೆ ಸೋಂಕು ಮರುಕಳಿಸುವುದೇ ಎಂದು ತಿಳಿಯಲು ೧೯೬೧ರಲ್ಲಿ ಬಸವಲಿಂಗಮ್ಮನವರು ಅಂಥ ಮಕ್ಕಳ ಮೂತ್ರವನ್ನು ಪರೀಕ್ಷಿಸತೊಡಗಿದರು. ಲೋಹದ ಲವಲೇಶವೂ ಇರದಂತೆ ಆಮ್ಲದಲ್ಲಿ ತೊಳೆದ ಬಾಟಲಿಗಳನ್ನು, ಮತ್ತೆ ತೊಳೆಯಬಾರದೆಂದು ಹೇಳಿ, ಮನೆಮನೆಗೆ ಕೊಟ್ಟರು. ತಾಮ್ರ ವಿಪರೀತವಾಗಿ ಕಂಡಿತು. ಚಿಕಿತ್ಸಾಲಯದ ಹಿರಿಯ ವೈದ್ಯರಾದ ಅನಂತರಾಮು ಅವರಿಗೆ ಹಿಡಿಸಲಾರದಷ್ಟು ಸಂತೋಷ. ಸಮ್ಮೇಳನಕ್ಕೆ ಪ್ರಬಂಧವೂ ಸಿದ್ಧವಾಯಿತು. ಕಾರಣ ಸಿಕ್ಕಿತಲ್ಲ ಎಂದು ಸೀತಾಲಕ್ಷ್ಮಿಯ ಮೂತ್ರಮಾರ್ಗ ನೋಡಲು ತೆಗೆಸಬೇಕಿದ್ದ ಎಕ್ಸ್‌ರೇಯನ್ನು ಮುಂದೂಡಲಾಯಿತು. ಬಸವಲಿಂಗಮ್ಮನವರೂ ಒಪ್ಪಿದರು.

ಕೆಲವು ತಿಂಗಳಲ್ಲಿ ಮಗು ಮತ್ತೆ ಹಾಸಿಗೆ ಹಿಡಿಯಿತು. ಡಾಕ್ಟರಮ್ಮ ನೋಡಲು ಮನೆಗೇ ಹೋದರೆ, ಬಚ್ಚಲಲ್ಲಿ ಗೌರಮ್ಮ ತಾಮ್ರದ ಹಂಡೆ ಉಜ್ಜಿದ ಹುಣಸೆಹಣ್ಣಿನಿಂದಲೇ, ಮೂತ್ರ ಹಿಡಿಯುವ ಮುಂಚೆ, ಆ ಬಾಟಲಿಯನ್ನೂ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ಯುತ್ತಿದ್ದರು. ತೊಳೆಯಬೇಡಿ ಎಂದು ಬಡಿದುಕೊಂಡಿರಲಿಲ್ಲವೇ ಎಂದು ಇವರು ರೇಗಿದರು.

"ಉಚ್ಚೆ ಹಿಡಿಯೋ ಬಾಟ್ಲಿ ಡಾಕ್ಟ್ರಮ್ಮ, ನಿಮ್ ಕೈಗೆ ಹಂಗೇ ಕೊಡಕ್ಕಾಯ್ತದಾ?" ಎಂದರು ಗೌರಮ್ಮ. "ನಮ್ ಬೀದಿ ಹೆಂಗಸ್ರೆಲ್ಲ ಹಿಂಗೇ ತೊಳ್ದು ಕೊಡೋದು."

ಅಲ್ಲಿಯವರೆಗೆ ಅಳೆದದ್ದೆಲ್ಲ ಹಂಡೆಗಳ ತಾಮ್ರ. ನೀರಲ್ಲಿ ಹೋಮ ಮಾಡಿದಂತಾಗಿತ್ತು. ಯಾರನ್ನು ಬೈಯುವುದು? ಆ ತಾಯಿಯ ಮರ್ಯಾದೆಯನ್ನೇ?

ಪ್ರಬಂಧವನ್ನು ಹಿಂತೆಗೆಯಬೇಕೆಂದಾಗ ಅನಂತರಾಮು ಅವರು, ಸಮ್ಮೇಳನದ ಪಟ್ಟಿಯಲ್ಲಿ ಹೆಸರು ಅಚ್ಚಾಗಿದೆ, ಸಮ್ಮೇಳನ ಮುಗಿಯಲಿ, ಆಮೇಲೆ ನೋಡೋಣ ಎಂದು ಸಮಾಧಾನ ಹೇಳಿದರು.

"ಕಾಯಿಲೆ ಬಂದಿರೋದು ಹಂಡೆಗಲ್ಲ ಸಾರ್, ಮಗೂಗೆ," ಎಂದು ಬಸವಲಿಂಗಮ್ಮನವರು ಪ್ರಬಂಧವನ್ನು ಹರಿದುಹಾಕಿ, ತಾವೇ ಜಟಕಾ ಮಾಡಿಕೊಂಡು ಸೀತಾಲಕ್ಷ್ಮಿಯನ್ನು ಎಕ್ಸ್‌ರೇಗೆ ಕರೆದೊಯ್ದರು. ಎರಡು ಮೂತ್ರನಾಳಗಳೂ ಹುಟ್ಟಿನಿಂದಲೇ ಕಿರಿದಾಗಿದ್ದವು. ಶಸ್ತ್ರಚಿಕಿತ್ಸೆಯಿಂದ ಬಲಗಡೆಯ ಮೂತ್ರಪಿಂಡ ಉಳಿಯಿತು. ಎಡಗಡೆಯದು ಅಷ್ಟರಲ್ಲಿ ಕೆಟ್ಟುಹೋಗಿತ್ತು.

ಅಂದಿನಿಂದ ಆ ಚಿಕಿತ್ಸಾಲಯದಲ್ಲಿ ಸೋಂಕು ಮರುಕಳಿಸಿದ ಯಾವ ಮಗುವಿನ ಎಕ್ಸ್‌ರೇಯನ್ನೂ ಯಾರೂ ಮುಂದೂಡಲಿಲ್ಲ. ಮುಂದೂಡುವ ಧೈರ್ಯವೂ ಯಾರಿಗೂ ಇರಲಿಲ್ಲ. ಹಾಗೆ ಉಳಿದ ಮಕ್ಕಳು ಇಂದು ತಿಲಕ್ ನಗರದಿಂದ ಇಟ್ಟಮಡುವಿನವರೆಗೂ ಶಾಲೆಗೆ ಓಡಾಡುತ್ತಿದ್ದಾರೆ.

ನಿವೃತ್ತಿಯ ಈ ಅಭಿನಂದನ ಸಂಪುಟಕ್ಕೆ ಒಪ್ಪಿಗೆ ಕೇಳಲು ಹೋದ ಶಿಷ್ಯರಾದ ನಮ್ಮನ್ನು ಅವರು ಬಾಗಿಲಲ್ಲೇ ನಿಲ್ಲಿಸಿದರು. "ಹೊಗಳೋದು ಎಷ್ಟಾದ್ರೂ ಹೊಗಳ್ಕೊಳ್ಳಿ. ಆ ಮಗು ಎಡಗಡೆ ಕಿಡ್ನಿ, ಎಕ್ಸ್‌ರೇ ಮುಂದಕ್ಕೆ ಹಾಕೋಕೆ ನಾನು ಒಪ್ಕೊಂಡಿದ್ರಿಂದ ಹೋಯ್ತು ಅಂತಾನೂ ಬರೀರಿ. ಇಲ್ದಿದ್ರೆ ಪುಸ್ತಕ ಬೇಡ."

ಬರೆದಿದ್ದೇವೆ, ಅಮ್ಮ. ನೂರು ಕಾಲ ಬಾಳಿ. ನಾಳೆಯೂ ಬಂದು ನಮ್ಮನ್ನು ಬೈಯಿರಿ.