ಸದ್ದಿಲ್ಲದೆ ಕಚ್ಚಿದ ನಾಯಿ

ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿದರೆ ಈ ಕತೆಯನ್ನು ಒಂದು ಗುಟುಕಿನಲ್ಲಿ ಮುಗಿಸುತ್ತಾರೆ: ಪಿಟ್‌ಬುಲ್ ಸದ್ದಿಲ್ಲದೆ ಬಂದು ಹಿಡಿಯಿತು, ದವಡೆ ಲಾಕ್ ಆಯಿತು, ಕೊಲ್ಲದೆ ಬೇರೆ ದಾರಿ ಇರಲಿಲ್ಲ. ಇದರಲ್ಲಿ ನಾಯಿ ಸತ್ತಿದ್ದೊಂದು ನಿಜ. ಉಳಿದದ್ದಕ್ಕೆಲ್ಲ ನನ್ನ ತಕರಾರಿದೆ. ಅಲ್ಲಿ ನಾನಿದ್ದೆ, ಚಹಾದಂಗಡಿಯವರು ಇರಲಿಲ್ಲ.

ಮೊದಲು ಆ 'ಬಂದು' ಎಂಬ ಮಾತನ್ನೇ ನೋಡಿ. ಆ ನಾಯಿ ಎಲ್ಲಿಗೂ ಬರುವಂತಿರಲಿಲ್ಲ. ನನ್ನ ಸೋದರಮಾವ ಕೆಲಸ ಮಾಡುವ ಗ್ರಾನೈಟ್ ಫ್ಯಾಕ್ಟರಿಯಲ್ಲಿ, ಕಲ್ಲು ಕೊಯ್ಯುವ ಯಂತ್ರದ ಶೆಡ್ಡಿನ ಗೋಡೆಗೆ ಕಟ್ಟಿದ ಗಿಡ್ಡ ಸರಪಳಿಯಲ್ಲೇ ಅದರ ಬದುಕು. ಫ್ಯಾಕ್ಟರಿಯ ಮಾಲೀಕರಾದ ಸಾವಕಾರರು ಅದನ್ನು ಮರಿಯಿದ್ದಾಗ ಪುಣೆಯಿಂದ ತರಿಸಿ, ಕಿವಿ ಕತ್ತರಿಸಿ, ಸಿಟ್ಟು ಬರಲೆಂದು ಮಾಂಸಕ್ಕೆ ಖಾರದಪುಡಿ ಕಲಸಿ ಹಾಕಿಸುತ್ತಿದ್ದರು. ಒಂದು ಹೆಸರನ್ನೂ ಇಟ್ಟಿರಲಿಲ್ಲ. ಕಲ್ಲು ಕೊಳ್ಳಲು ಬಂದವರಿಗೆ ತೋರಿಸಿ, "ಇದು ಬೊಗಳಂಗಿಲ್ರಿ, ಸೀದಾ ಹಿಡಿತೈತಿ" ಎನ್ನುತ್ತಿದ್ದರು. ಬೊಗಳುತ್ತಿತ್ತು. ಯಂತ್ರದ ಕಿರುಚಾಟದಲ್ಲಿ ಅದು ಯಾರಿಗೆ ಕೇಳಬೇಕು?

"ಖಾರ ತಿಂದ್ರ ಹೊಟ್ಟಿ ಕೆಡತೈತ್ರಿ, ಸಿಟ್ಟು ಹೆಂಗ ಬರತೈತಿ?" ಎಂದು ನಾನೊಮ್ಮೆ ಕೇಳಿದ್ದೆ.

"ಏನವಾ, ಬಾಗಲಕೋಟಿ ಕಾಲೇಜಿನ್ಯಾಗ ಡಿಬೇಟಿನ ಕಪ್ ಗೆದ್ದಿ ಅಂತ ನಾಯಿ ಪರ ವಕೀಲಕಿ ಸುರು ಮಾಡಿದೇನು?" ಎಂದು ಸಾವಕಾರರು ನಕ್ಕರು.

ಮಾಮಾ ಸಾವಕಾರರ ಕಣ್ಣು ತಪ್ಪಿಸಿ ಆ ಮಾಂಸವನ್ನು ತೊಳೆದು ಹಾಕುತ್ತಿದ್ದ. ತನ್ನ ಬುತ್ತಿಯ ರೊಟ್ಟಿ ಮುರಿದು ಕೊಡುತ್ತಿದ್ದ. ನಾಯಿ ಅವನ ಕೈ ನೆಕ್ಕುತ್ತಿತ್ತು. ಕಡೆಗೆ ಕಚ್ಚಿದ್ದೂ ಅದೇ ಕೈಯನ್ನು.

ಆ ದಿನ ಬುತ್ತಿ ತಂದವಳು ನಾನು. ಕರೆಂಟ್ ಹೋಗಿ ಯಂತ್ರ ನಿಂತಿತ್ತು. ಗೇಟಿನ ಹೊರಗಿನ ಗುಬ್ಬಿಯ ಸದ್ದೂ ಕೇಳುತ್ತಿತ್ತು. ನಾಯಿ ನಮಗೆ ಬೆನ್ನು ಮಾಡಿ ಎಲುಬು ಕಡಿಯುತ್ತಿತ್ತು. ಮಾಮಾ ಹಿಂದಿನಿಂದ ಬಗ್ಗಿ ಅದರ ಮೂತಿಯ ಪಕ್ಕದಲ್ಲಿದ್ದ ನೀರಿನ ಬೋಗುಣಿಗೆ ಕೈ ಚಾಚಿದ. ನಾಯಿ ಕಡಿಯುವುದನ್ನು ನಿಲ್ಲಿಸಿ ಮೈ ಬಿಗಿಹಿಡಿಯಿತು. ಗುರ್ರೆಂದಿತು. ಗೇಟಿನ ಹತ್ತಿರವಿದ್ದ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ಮತ್ತೆ ಗುರ್ರೆಂದಿತು, ಮೊದಲಿಗಿಂತ ಜೋರಾಗಿ.

"ಮಾಮಾ, ಹಿಂದಕ್ಕ ಸರಿ!" ಎಂದು ಚೀರಿದೆ. ಅವನು ತಿರುಗಲಿಲ್ಲ.

ಹಲ್ಲು ಮೊಣಕೈಯ ಕೆಳಗೆ ಇಳಿದವು. ಹಿಡಿತ ಸಣ್ಣದಾಗಿರಲಿಲ್ಲ, ಅದನ್ನು ಒಪ್ಪುತ್ತೇನೆ. ಮಾಂಸ ತೆರೆದುಕೊಂಡು ಒಳಗೆ ಬೆಳ್ಳಗಿನದೇನೋ ಕಂಡಿತು. ಪಾಲಿಶ್ ಮಾಡುವವನೊಬ್ಬ ಹಾರೆ ಎತ್ತಿಕೊಂಡು ಓಡಿ ಬಂದ.

"ದವಡಿ ಲಾಕ್ ಆಗ್ಯಾವಲೇ! ಸತ್ರ ಬಿಡತೈತಿ, ಇಲ್ಲಂದ್ರ ಇಲ್ಲ! ಹಾಕ್ರಿ!"

ಅವನ ಹಿಂದೆ ಇನ್ನಿಬ್ಬರು ಕಬ್ಬಿಣದ ಸಲಾಕೆ ಹಿಡಿದು ಬಂದರು. ಪ್ರತಿ ಏಟಿಗೂ ನಾಯಿ ಕಣ್ಣು ಮುಚ್ಚಿ ಇನ್ನಷ್ಟು ಬಿಗಿಯಾಗಿ ಕಚ್ಚಿ ಎಳೆಯಿತು. ಎಳೆದಷ್ಟೂ ಮಾಮಾನ ತೋಳು ಸೀಳಿತು. ಅದರ ಬೆನ್ನಿಗೆ ಬಿದ್ದ ಒಂದು ಏಟಿಗೆ ಹಸಿ ಕಟ್ಟಿಗೆ ಮುರಿದ ಸದ್ದು ಬಂತು. "ಹೊಡೀಬ್ಯಾಡ್ರಿ, ಕೈ ಹರಿತೈತಿ!" ಎನ್ನುತ್ತ ನಾನು ಹಾರೆಗೆ ಜೋತುಬಿದ್ದೆ. ಹಾರೆಯವನು ನನ್ನನ್ನು ಜಾಡಿಸುವಾಗ ಕಲ್ಲಿನ ರಾಡಿಯಲ್ಲಿ ಜಾರಿ, ಹಿಂದಿದ್ದವರ ಮೇಲೆಯೇ ಬಿದ್ದ. ಏಟುಗಳು ನಿಂತವು.

ನಾಯಿ ಬಾಯಿ ತೆರೆಯಿತು.

ಲಾಕ್ ಆಗಿದ್ದ ದವಡೆ ತೆರೆಯುವುದು ಹೇಗೆ? ಅದು ಎಲ್ಲ ನಾಯಿಗಳ ದವಡೆಯಂಥದ್ದೇ. ಹೊಡೆತ ನಿಂತ ಕೂಡಲೇ ಬಿಟ್ಟಿತು. ಹಿಂಗಾಲು ಎಳೆದುಕೊಂಡು, ಬಾಲ ಹೊಟ್ಟೆಯಡಿಗೆ ಮುದುಡಿ, ಸರಪಳಿ ಬಿಟ್ಟಷ್ಟು ದೂರ ಸರಿದು ಗೋಡೆಗೆ ಅಂಟಿ ನಿಂತಿತು.

ಅವರು ಕೊಂದದ್ದು ಆಮೇಲೆ. ಹಾರೆಯಿಂದ ತಲೆಗೆ. ಅದು ಕೂಗುವುದು ನಿಂತ ಮೇಲೂ ಹೊಡೆದರು.

ದವಾಖಾನೆಯಲ್ಲಿ ಹೊಲಿಗೆ ಹಾಕಿ ಚುಚ್ಚುಮದ್ದು ಕೊಟ್ಟರು. ಸಾವಕಾರರು ಮಾಮಾನ ಎದುರಿಗೆ ಕುಳಿತು ಜೋರಾಗಿ ಕೇಳಿದರು: "ಕಚ್ಚೂಕಿಂತ ಮೊದ್ಲ ಗುರ್ ಅಂತೇನೋ?"

"ಇಲ್ರಿ ಸಾವಕಾರ್ರ. ಸದ್ದ ಮಾಡ್ಲಿಲ್ಲ. ಒಮ್ಮಿಂದೊಮ್ಮೆ ಹಿಡೀತು."

ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮಾ ಗಾಯವಾಗದ ಕೈಯಿಂದ ನನ್ನ ಮುಂಗೈ ಅದುಮಿದ. ಆಗ ಮನೆಯದೆಲ್ಲ ನೆನಪಾಯಿತು: ಓಣಿಗೆಲ್ಲ ಕೇಳುವಂತೆ ಇಡುವ ಟಿವಿ, ಬೆನ್ನ ಹಿಂದಿನಿಂದ ಅತ್ತಿ ಕರೆದರೆ ಬಾರದ ಉತ್ತರ, ಮಾತಾಡುವವರ ತುಟಿಗೇ ನೆಟ್ಟ ಕಣ್ಣು. ಮದುವೆಗೂ ಮೊದಲಿನಿಂದ ಆ ಯಂತ್ರದ ಪಕ್ಕ ನಿಂತವನು ಅವನು. ಹೋದ ವರ್ಷ, ಕೂಗಿದರೂ ಕೇಳಿಸದ ಇನ್ನೊಬ್ಬನನ್ನು ಸಾವಕಾರರು ಯಂತ್ರ ಬಿಡಿಸಿ ಮನೆಗೆ ಕಳಿಸಿದ್ದರು. ನಾಯಿ ಗುರ್ರೆಂದಿತ್ತು ಎಂದು ನಾನು ವಾದಿಸಿ ಗೆದ್ದರೆ ಮಾಮಾನ ಕೆಲಸ ಹೋಗುತ್ತಿತ್ತು. ಸುಮ್ಮನಾದೆ. ಸದ್ದಿಲ್ಲದೆ ಕಚ್ಚಿತು ಎಂಬ ಮಾತು ದವಾಖಾನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಯಿತು.

ಹೊಲಿಗೆ ಬಿಚ್ಚಿದ ಮೇಲೆ ಸಾವಕಾರರು ಮನೆಗೇ ಬಂದರು. "ಈ ಸಲ ಮುಧೋಳದ ಮರಿ ತರ್ತೇನಿ. ನಿಯತ್ತಿನ ಜಾತಿ ಅದು, ಪಿಟ್‌ಬುಲ್‌ನಂಗ ಸುಮ್ ಸುಮ್ಕ ಕಚ್ಚಂಗಿಲ್ಲ. ನೀನ ಜ್ವಾಕಿ ಮಾಡು." ಮಾಮಾ ಸಾವಕಾರರ ತುಟಿ ನೋಡುತ್ತ ಹೂಂ ಅಂದ.

ಅವರು ಹೋದ ಮೇಲೆ ಮಾಮಾನ ಮುಂದೆ, ನನ್ನ ಬಾಯಿ ಅವನಿಗೆ ಕಾಣುವಂತೆ ಕುಳಿತೆ. ಅವನು ತೋಳಿನ ಗಾಯದ ಗೆರೆಯನ್ನು ನೋಡತೊಡಗಿದ. ಗದ್ದ ಹಿಡಿದು ಮುಖ ಎತ್ತಿಸಿ ಕೇಳಿದೆ:

"ಆ ಮರಿ ಗುರ್ ಅಂದ್ರ ನಿನಗ ಯಾರು ಹೇಳ್ತಾರ, ಮಾಮಾ?"