ಜಾತಕ ತೆಗೆದ ಮೇಲೆ

‘ಆಪ್ಷನಲ್’ ಎಂಬ ಮಾತು ಕೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಆ ಉರಿಯಲ್ಲಿ ಅರ್ಧ ನನ್ನ ಮೇಲಿನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ವೆಬ್‌ಸೈಟು ಇಲ್ಲದವನು ಮನುಷ್ಯನೇ ಅಲ್ಲ ಎಂದು ಪುಣೆ ನಂಬಿದ್ದ ಕಾಲ. ಸದಾಶಿವ ಪೇಠದ ಹಳೇ ವಾಡೆಯ ಮನೆಯೊಂದರ ಮಾಳಿಗೆಯಲ್ಲಿ ನಮ್ಮ ಕಂಪನಿ. ಬೆಳಗಾವಿಯ ನಮ್ಮ ಸಾಹೇಬರಿಗೆ ಒಂದು ಸಾಲು ಪ್ರೋಗ್ರಾಮು ಬರೆಯಲು ಬಾರದು; ಅದು ನನ್ನ ಕೆಲಸ. ಬೋರ್ಡಿನ ಮೇಲೆ ಚೌಕ ಬರೆಯಲು ಮಾತ್ರ ಭಾಳ ಉಮೇದು. ಪ್ರತಿ ಚೌಕವೂ ಒಂದು ಮಾಡ್ಯೂಲು, ಎಂದರೆ ಸೈಟಿನ ಒಂದು ಬಿಡಿ ಭಾಗ. “ಗಿರಾಕಿಗೆ ಬೇಕಾದ್ದು ಹಚ್ಚೋದು, ಬ್ಯಾಡಾದ್ದು ತೆಗಿಯೋದು. ಎಲ್ಲಾ ಆಪ್ಷನಲ್!” ನಾನು ತಲೆಯಾಡಿಸುತ್ತಿದ್ದೆ. ಆಮೇಲೆ ಕೆಲಸ ಬೇಗ ಮುಗಿಯಲೆಂದು ಒಂದು ಚೌಕವನ್ನು ಇನ್ನೊಂದಕ್ಕೆ ಗುಟ್ಟಾಗಿ ಗಂಟು ಹಾಕುತ್ತಿದ್ದೆ.

ಮೊದಲ ಗಿರಾಕಿ ವಿಜಾಪುರದ ಸುಮತಿಬಾಯಿ. ಪುಣೆಯಲ್ಲಿ ಕನ್ನಡದವರಿಗಾಗಿ ವಧೂವರ ಕೇಂದ್ರ ನಡೆಸುತ್ತಿದ್ದರು. ನೋಂದಣಿ, ಫೋಟೋ, ಜಾತಕ, ಪತ್ರ ಎಂದು ನಾಲ್ಕು ಚೌಕ ತೋರಿಸಿದೆವು.

“ಜಾತಕ ತೆಗೀರಿ. ಅದರಿಂದ ಭಾಳ ಮದುವಿ ಮುರದಾವ.”

ತೆಗೆದೆ. ಸಾಹೇಬರು ಗೆದ್ದವರಂತೆ ಚಹಾ ತರಿಸಿದರು.

ತಿಂಗಳಾದ ಮೇಲೆ ಸುಮತಿಬಾಯಿ, ಖಡಕಿಯ ಶಾರದಾ ಎಂಬಾಕೆಯನ್ನು ಕರೆದುಕೊಂಡು ಬಂದರು. ಶಾರದಾ ನಮ್ಮ ಸೈಟಿನ ಮೂಲಕ ಇಂದಾಪುರದ ಮಾಸ್ತರರೊಬ್ಬರಿಗೆ ಮೂರು ಪತ್ರ ಬರೆದಿದ್ದರು; ಒಂದಕ್ಕೂ ಉತ್ತರ ಬಂದಿರಲಿಲ್ಲ.

“ಒಲ್ಲೆ ಅನ್ನಲಿಕ್ಕೂ ಅವರಿಗೆ ಪುರಸೊತ್ತಿಲ್ಲೇನ್ರಿ?” ಎಂದು ಶಾರದಾ ಕೇಳಿದರು.

ಹುಡುಕಿದೆ. ಪ್ರತಿ ಪತ್ರವೂ ಮುಂದೆ ಹೋಗಲು ಜಾತಕದ ಚೌಕದ ಒಪ್ಪಿಗೆ ಕಾಯುತ್ತಿತ್ತು. ಆ ಚೌಕವೇ ಇರಲಿಲ್ಲ. ಗಂಟು ನನ್ನದೇ. ಆಕೆಯ ಮೂರು, ಮಾಸ್ತರರ ನಾಲ್ಕು, ಊರ ಮಂದಿಯದೆಲ್ಲ ಅಲ್ಲೇ ಬಿದ್ದಿದ್ದವು. ತಮ್ಮನ್ನು ಒಲ್ಲೆ ಅಂದರೆಂದು ತಿಳಿದು ಎಲ್ಲರೂ ಸುಮ್ಮನಿದ್ದರು. ಕೇಳಲು ಬಂದವರು ಈಕೆ ಒಬ್ಬರೇ.

“ಜಾತಕ ಮತ್ತ ಹಚ್ಚಿಬಿಡ್ರಿ, ನೆಟ್ಟಗಾಗ್ತದ,” ಎಂದರು ಸಾಹೇಬರು. ಸುಮತಿಬಾಯಿ ನೋಡಿದ ನೋಟಕ್ಕೆ ಒಳಗಿನ ಕೋಣೆಗೆ ಹೋದವರು ಮತ್ತೆ ಹೊರಬರಲಿಲ್ಲ.

ಮಾಸ್ತರರ ನಾಲ್ಕೂ ಪತ್ರಗಳನ್ನು ಅಚ್ಚು ಹಾಕಿ ಶಾರದಾ ಅವರ ಕೈಗೆ ಕೊಟ್ಟೆ. ನಿಂತೇ ಓದಿದರು. ಕೊನೆಯದರಲ್ಲಿ ಇದ್ದದ್ದು ಒಂದೇ ಸಾಲು: ‘ನಿಮಗೆ ಮನಸ್ಸಿಲ್ಲವೆಂದು ತಿಳಿಯಿತು, ಇನ್ನು ಬರೆಯುವುದಿಲ್ಲ.’ ನಾನು ತಪ್ಪೊಪ್ಪಿಗೆಯ ದೊಡ್ಡ ಭಾಷಣ ಸಿದ್ಧಮಾಡಿಕೊಂಡಿದ್ದೆ. ಆಕೆಗೆ ಅದು ಬೇಕಾಗಿರಲಿಲ್ಲ.

“ಇಂದಾಪುರದ ಬಸ್ಸು ಎಷ್ಟ್ ಗಂಟೆಕ್ಕ ಅದ ರೀ?”

ಸುಮತಿಬಾಯಿಯೂ ಜೊತೆಗೆ ಹೊರಟರು. ನಾನು ಆ ವಾರವಿಡೀ ಕೂತು ಗಂಟು ಬಿಚ್ಚಿ, ಉಳಿದ ಪತ್ರಗಳನ್ನು ಒಂದೊಂದಾಗಿ ಕಳಿಸಿದೆ. ಕೆಲವು ತಡವಾಗಿದ್ದವು, ಅದನ್ನು ಸರಿಮಾಡುವ ಪ್ರೋಗ್ರಾಮು ನನಗೆ ಬರುವುದಿಲ್ಲ.

ಶಾರದಾ ತಮ್ಮ ಮದುವೆಗೆ ನನ್ನನ್ನೂ ಕರೆದಿದ್ದರು. ಮಾಸ್ತರರು ನನ್ನ ಕೈ ಹಿಡಿದು, “ಆ ತಿಂಗಳು ಈಕಿಗೆ ಮನಸ್ಸಿನ್ಯಾಗ ಭಾಳ ಬೈದೇನ್ರಿ,” ಎಂದರು.

“ಮನಸ್ಸಿನ್ಯಾಗ ಯಾಕ?” ಎಂದರು ಶಾರದಾ. “ಬಂದು ಬೈಬೇಕಿತ್ತು. ಮದುವಿ ಒಂದ್ ತಿಂಗಳ ಮೊದಲ ಆಗ್ತಿತ್ತು.”